ಕಲ್ಲಿನ ಪಾಲು

ಕೊಬ್ಬರಿ ಎಣ್ಣೆಯಲ್ಲಿ ಬೆಳ್ಳುಳ್ಳಿ ಕೆಂಪಗಾಗುವ ವಾಸನೆ ಬಂತೆಂದರೆ ನಾನು ಕೂತಲ್ಲಿಂದ ಎದ್ದು ಹೊರಗೆ ಹೋಗಿಬಿಡುತ್ತೇನೆ. ಸೊಸೆ ಹೊಸದರಲ್ಲಿ ಇದನ್ನು ಮಡಿ ಅಂದುಕೊಂಡಿದ್ದಳು. ಮಡಿಯೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ. ಬೆಳ್ಳುಳ್ಳಿ ಹಾಕಿದ ಸಾರನ್ನು ಎರಡು ಸಲ ಬಡಿಸಿಕೊಂಡು ತಿನ್ನುವವಳು ನಾನು. ಎಣ್ಣೆಯಲ್ಲಿ ಅದು ಚಿಟಗುಟ್ಟುವ ಆ ವಾಸನೆ ಮಾತ್ರ ಆಗುವುದಿಲ್ಲ. ಮೊನ್ನೆ ಭಾನುವಾರವೂ ಹಾಗೇ ಆಯಿತು. ಅಡುಗೆಮನೆಯಿಂದ ವಾಸನೆ ಬಂದದ್ದೇ ತಡ, ಹೋಗಿ ಹೊರಗಿನ ಮೆಟ್ಟಿಲ ಮೇಲೆ ಕೂತೆ. ಕೂತರೆ ಇನ್ನೇನು, ಮಿಲ್ಲಮ್ಮ ನೆನಪಿಗೆ ಬಂದಳು. ಮೊದಲು ಅವಳ ಕೈ, ಆಮೇಲೆ ಅವಳು.

ಎಪ್ಪತ್ತರ ದಶಕದಲ್ಲಿ ನಾವು ಜಯನಗರದಲ್ಲಿ, ಯಡಿಯೂರು ಹಳ್ಳಿಗೆ ಬೆನ್ನು ಹಾಕಿದ್ದ ಕೊನೆಯ ಸಾಲಿನ ಮನೆಯಲ್ಲಿ ಬಾಡಿಗೆಗೆ ಇದ್ದೆವು. ಮುಂಬಾಗಿಲು ತೆಗೆದರೆ ಲೇಔಟು, ಹಿತ್ತಿಲ ಬಾಗಿಲು ತೆಗೆದರೆ ಹಳ್ಳಿ. ಹಿತ್ತಿಲಿನಾಚೆಗೇ ಹಿಟ್ಟಿನ ಮಿಲ್ಲು. ಅದನ್ನು ನಡೆಸುತ್ತಿದ್ದ ವಿಧವೆಯನ್ನು ಬೀದಿಯವರೆಲ್ಲ ಮಿಲ್ಲಮ್ಮ ಎನ್ನುತ್ತಿದ್ದರು. ಬಡಾವಣೆಗೆ ಹೊಲ ಹೋದಾಗ ಬಂದ ಪರಿಹಾರದ ದುಡ್ಡಲ್ಲಿ ಗಂಡ ಹಾಕಿದ್ದ ಮಿಲ್ಲು ಅದು. ಹಾಕಿದ ಸ್ವಲ್ಪ ದಿನಕ್ಕೇ ಅವನು ತೀರಿಕೊಂಡ. ಉಳಿದದ್ದು ಆ ಮಿಲ್ಲು, ಹೊಲದ ಬದಲಿಗೆ ಸಿಕ್ಕ ಜೆ.ಪಿ. ನಗರದ ಕಡೆಯ ಒಂದು ಸೈಟು, ಒಬ್ಬನೇ ಮಗ, ಮತ್ತೆ ಒಬ್ಬ ಕುಡುಕ ಮೈದುನ.

ಮಿಲ್ಲಮ್ಮ ಹೊಡೆಯುತ್ತಿದ್ದಳು. ಇದನ್ನು ಮೆಲ್ಲಗೆ ಹೇಳುವ ದಾರಿ ನನಗೆ ಗೊತ್ತಿಲ್ಲ. ತೂಕ ಕಮ್ಮಿ ಬಂತು ಎಂದು ಗದ್ದಲ ಮಾಡಿದವನಿಗೆ ಹೊಡೆದಳು. ಸರದಿಯಲ್ಲಿ ನಿಂತ ಹೆಂಗಸರಿಗೆ ಮೈ ತಾಗಿಸಿಕೊಂಡು ಬಂದವನಿಗೆ ಹೊಡೆದಳು, ಅವನ ಹಲ್ಲು ಹಿಟ್ಟಿನ ಮೇಲೆ ಬಿತ್ತು. ಮಗನಿಗೆ ಹೊಡೆಯುವುದಂತೂ ಮಾತಿನಷ್ಟೇ ಸಲೀಸು. ಅವಳ ಅಂಗೈ ಸಾಮಾನ್ಯದ್ದಲ್ಲ. ಬೀಸುವ ಕಲ್ಲು ಸವೆದರೆ ಅದಕ್ಕೆ ಉಳಿ ಸುತ್ತಿಗೆ ಹಿಡಿದು ಕಚ್ಚು ಹಾಕಬೇಕು. ಬೇರೆ ಮಿಲ್ಲಿನವರು ಆಳು ಕರೆಸುತ್ತಿದ್ದರು, ಇವಳು ತಾನೇ ಕೂತು ಕುಟ್ಟುತ್ತಿದ್ದಳು. ಕುಟ್ಟಿ ಕುಟ್ಟಿ ಬಲಗೈ ಹಲಗೆಯಾಗಿತ್ತು. ಒಂದು ಸಲ ನನಗೂ ಬಿದ್ದಿದೆ... ಓಡುತ್ತಿದ್ದ ಬೆಲ್ಟಿನ ಹತ್ತಿರ ನನ್ನ ಜಡೆ ಹೋಗಿತ್ತು, ಬೆನ್ನಿಗೆ ಬಾರಿಸಿ ಎಳೆದು ಆಚೆ ಹಾಕಿದಳು. ಆ ಏಟು ಬೀಳದಿದ್ದರೆ ಇವತ್ತು ಇದನ್ನು ಬರೆಯಲು ನನಗೆ ತಲೆಯೇ ಇರುತ್ತಿರಲಿಲ್ಲ.

ಹಿಟ್ಟು ಕಮ್ಮಿ ಬಂತೆಂದು ಕೇಳಿದವರಿಗೆ ಅವಳದು ಒಂದೇ ಉತ್ತರ. “ಕಲ್ಲಿನ ಪಾಲು ಕಣಮ್ಮ. ಕಲ್ಲು ತನ್ನ ಪಾಲು ಇಟ್ಕೊಂಡೇ ಉಳಿದಿದ್ದು ಕೊಡೋದು. ನಂಗೇ ಬಿಡಲ್ಲ, ನಿಂಗ್ ಬಿಡ್ತದಾ?” ಏನೇ ಬೀಸಿದರೂ ಒಂದೆರಡು ಹಿಡಿ ಕಲ್ಲಿನ ಸಂದಿಯಲ್ಲಿ ಉಳಿದುಬಿಡುತ್ತದೆ. ಮನೆಯಿಂದ ಅಳೆದು ತಂದಷ್ಟೇ ವಾಪಸು ಒಯ್ಯುತ್ತೇನೆ ಎನ್ನುವವರಿಗೆ ಮಿಲ್ಲಿನ ವ್ಯವಹಾರ ಗೊತ್ತಿಲ್ಲ ಎಂದು ಅವಳ ಲೆಕ್ಕ.

ಅವಳ ಮಗ ನನಗಿಂತ ಎರಡು ಮೂರು ವರ್ಷಕ್ಕೆ ಚಿಕ್ಕವನು. ನನ್ನನ್ನು ಅಕ್ಕ ಎನ್ನುತ್ತಿದ್ದ. ಗಣಿತದಲ್ಲಿ ಗಟ್ಟಿ, ಮಾತಿನಲ್ಲಿ ಮೆತ್ತಗೆ. ಕಾಲೇಜಿನಲ್ಲಿ ಎನ್.ಸಿ.ಸಿ. ಸೇರಿದವನನ್ನು ಒಂದು ದಿನ ಊರಿನ ಆ ತುದಿಯ ಫ್ಲೈಯಿಂಗ್ ಕ್ಲಬ್ಬಿಗೆ ಕರೆದುಕೊಂಡು ಹೋಗಿ ಸಣ್ಣ ವಿಮಾನದಲ್ಲಿ ಕೂರಿಸಿ ಒಂದು ಸುತ್ತು ಹಾಕಿಸಿದರಂತೆ. ಕೆಳಗಿಳಿದವನು ಬೇರೆಯೇ ಹುಡುಗನಾಗಿದ್ದ. ಕಮರ್ಷಿಯಲ್ ಪೈಲಟ್ ಆಗುತ್ತೇನೆ ಎಂದ. ಬೀದಿಗೆ ಬೀದಿಯೇ ನಕ್ಕಿತು. ಹಿಟ್ಟಿನ ಮಿಲ್ಲಿನವಳ ಮಗ ವಿಮಾನ ಹಾರಿಸುತ್ತಾನಂತೆ! ಮಿಲ್ಲಮ್ಮ ನಗಲಿಲ್ಲ. “ಎಷ್ಟಾಗ್ತದೆ?” ಎಂದಳು.

ಅದನ್ನು ಕೇಳಿಕೊಂಡು ನಮ್ಮ ಹಿತ್ತಿಲ ಬಾಗಿಲಿಗೆ ಬಂದಳು. ಅಪ್ಪ ಸರ್ಕಾರಿ ಕಚೇರಿಯಲ್ಲಿ ಲೆಕ್ಕ ತಪಾಸಣೆ ಮಾಡುತ್ತಿದ್ದವರು, ಊರಿನವರ ಮದುವೆ ಖರ್ಚಿನ ಅಂದಾಜೆಲ್ಲ ಅವರೇ ಬರೆದುಕೊಡುತ್ತಿದ್ದರು. ಅವಳ ಮಗ ಕ್ಲಬ್ಬಿನಿಂದ ವಿವರ ತಂದಿದ್ದ. ಅಪ್ಪ ಕನ್ನಡಕ ಮೂಗಿನ ತುದಿಗೆ ಇಳಿಸಿ ಒಂದೊಂದೇ ಓದಿ ಹೇಳಿದರು. ಹಾರುವುದಕ್ಕೆ ಗಂಟೆಗೆ ಇಷ್ಟು, ಅಂಥ ನೂರಾರು ಗಂಟೆ. ಪುಸ್ತಕ, ನಕ್ಷೆ. ಪರೀಕ್ಷೆಗೆ ದೆಹಲಿಗೆ ರೈಲು. ವೈದ್ಯರ ತಪಾಸಣೆ, ಅದೂ ಒಂದೇ ಸಲವಲ್ಲ, ಆಗಾಗ. ಬೂಟು, ಬಿಳಿ ಅಂಗಿ, ಎರಡೆರಡು ಬಸ್ಸು. ಎಲ್ಲ ಕೂಡಿಸಿ ಕೊನೆಯ ಮೊತ್ತ ಹೇಳುವಾಗ ಅಪ್ಪನ ದನಿಯೇ ಸಣ್ಣದಾಯಿತು. ನಮ್ಮಮ್ಮ ಒಳಗಿಂದ “ಅಯ್ಯೋ ರಾಮಾ” ಎಂದಳು. ಮಿಲ್ಲಮ್ಮ ಕೇಳಿದ್ದು ಒಂದೇ.

“ಕಲ್ಲಿನ ಪಾಲು ಹಾಕಿದೀರಾ ಸ್ವಾಮಿ?”

“ಹಾಕಿದೀನಮ್ಮ. ನಾವು ಅದನ್ನ ‘ಇತರೆ’ ಅಂತೀವಿ.”

“ಇನ್ನೊಂಚೂರು ಜಾಸ್ತಿ ಹಾಕಿ. ಈ ಕಲ್ಲು ದೊಡ್ಡದು.”

ಅಪ್ಪ ನಕ್ಕರು. ಇತರೆಯನ್ನು ಎರಡರಷ್ಟು ಮಾಡಿದರು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರೇ ಹೊರತು ಮಗನನ್ನು ಹಾರಿಸಿ ನೋಡು ಎಂದು ಹಿರಿಯರು ಯಾರೂ ಹೇಳಲಿಲ್ಲವಲ್ಲಮ್ಮ ಎಂದರು. ಮಿಲ್ಲಮ್ಮ ಜೆ.ಪಿ. ನಗರದ ಸೈಟು ಮಾರಿದಳು.

ಆ ವಾರದಲ್ಲೇ ಮೈದುನ ಮಚ್ಚು ಹಿಡಿದುಕೊಂಡು ಬಂದ. ನಾನು ಗೋಧಿ ಡಬ್ಬ ಹಿಡಿದು ಸರದಿಯಲ್ಲಿ ನಿಂತಿದ್ದೆ. “ಲೇ, ನಮ್ಮಪ್ಪನ ಜಮೀನಿನ ಸೈಟು. ನನ್ ಪಾಲು ಎಲ್ಲೇ?” ಎನ್ನುತ್ತಲೇ ಬೀಸಿದ. ಬಾಯಿಮಾತಿಗೆ ಬಂದವನಲ್ಲ ಅವನು. ಮಚ್ಚು ಅವಳ ಎಡಗೈಗೆ, ಮೊಣಕೈ ಕೆಳಗೆ ಬಿತ್ತು. ಕೆಂಪು ನೋಡಿ ನಾವೆಲ್ಲ ಕಿರುಚಿದೆವು. ಅವಳು ಕಿರುಚಲಿಲ್ಲ. ಪಕ್ಕದ ತಗಡಿನ ಡಬ್ಬದಲ್ಲಿ ಆಗತಾನೆ ಕುಟ್ಟಿದ ಖಾರದಪುಡಿ ಇತ್ತು. ಒಂದು ಹಿಡಿ ತೆಗೆದು ಅವನ ಕಣ್ಣಿಗೆ ಎರಚಿದಳು. ಅವನು ಮಚ್ಚು ಬಿಟ್ಟು ಮುಖ ಹಿಡಿದುಕೊಂಡು ಕೂತ. ಗೋಡೆಗೆ ನೇತುಹಾಕಿದ್ದ ಹಳೆಯ ಚರ್ಮದ ಬೆಲ್ಟು ಎಳೆದುಕೊಂಡು ಹೊಡೆಯತೊಡಗಿದಳು ನೋಡಿ... ಆ ಸದ್ದು ಮಿಲ್ಲಿನ ಸದ್ದನ್ನೂ ಮೀರಿ ಕೇಳುತ್ತಿತ್ತು. ಅವನ ಅಂಗಿ ಹರಿದು ಬೆನ್ನು ಹರಿಯಿತು. ಅವನು ಹೊಸಿಲು ದಾಟಿ ತೆವಳಿಕೊಂಡು ಹೋದ ಮೇಲೆ, ಕೈಗೆ ಅರಿಸಿನ ಮೆತ್ತಿ, ಸೆರಗಿನ ತುದಿ ಹರಿದು ಕಟ್ಟಿಕೊಂಡು, “ಯಾರ್ದಮ್ಮ ಮುಂದಿಂದು?” ಎಂದು ಸರದಿ ಕರೆದಳು. ನನ್ನ ಗೋಧಿಯೇ ಮುಂದಿನದಿತ್ತು. ಆ ಹಿಟ್ಟಿನ ಚಪಾತಿ ನಾನು ತಿನ್ನಲಿಲ್ಲ.

ಹೀಗೆ ಶುರುವಾಯಿತು ಮಗನ ಹಾರಾಟ. ಬೆಳಗ್ಗೆ ಎದ್ದು ಎರಡು ಬಸ್ಸು ಹಿಡಿದು ಊರು ದಾಟಿ ಹೋಗುತ್ತಿದ್ದ. ಎಷ್ಟೋ ದಿನ ಮೋಡವೆಂದು, ಗಾಳಿಯೆಂದು, ನೆಲ ಬಿಡದೆ ವಾಪಸು ಬರುತ್ತಿದ್ದ. ಬಸ್ಸಿನ ದುಡ್ಡು ಹೋಯಿತು, ಹಾರಾಟ ಸೊನ್ನೆ. ಮೊದಲ ವರ್ಷ ಹೇಗೋ ಅಪ್ಪನ ಲೆಕ್ಕದೊಳಗೇ ನಡೆಯಿತು. ಆಮೇಲೆ ಎಲ್ಲೋ ಅರಬರ ದೇಶದಲ್ಲಿ ಎಣ್ಣೆ ಬೆಲೆ ಏರಿತು, ಯಡಿಯೂರಿನ ಹಿಟ್ಟಿನ ಮಿಲ್ಲು ಅಲುಗಾಡಿತು. ಗಂಟೆಯ ದರ ಹೆಚ್ಚಾಯಿತು. ಆ ಸುದ್ದಿ ತಂದ ದಿನ ಮಗನಿಗೆ ಎರಡು ಬಿತ್ತು, ಅವನೇ ಬೆಲೆ ಏರಿಸಿದ ಹಾಗೆ. ವಿಮಾನದ ಯಾವುದೋ ಬಿಡಿಭಾಗ ಹೊರದೇಶದಿಂದ ಬರಬೇಕೆಂದು ತಿಂಗಳುಗಟ್ಟಲೆ ಹಾರಾಟ ನಿಂತಿತು. ಮತ್ತೆ ಬಿತ್ತು. ಒಂದು ಪರೀಕ್ಷೆ ಪಾಸಾಗಲಿಲ್ಲ, ದೆಹಲಿಗೆ ಮತ್ತೊಂದು ಪ್ರಯಾಣ. ಆಗಂತೂ ಅವನು ತಾನಾಗಿ ಬಂದು ಕೆನ್ನೆ ಕೊಟ್ಟು ನಿಂತ. “ಹೊಡ್ದುಬಿಡಮ್ಮ, ಆಮೇಲೆ ಊಟ ಮಾಡೋಣ” ಎಂದ. ಅವಳಿಗೆ ನಗು ಬಂದುಬಿಟ್ಟಿತು. ಆ ಮನೆಯಲ್ಲಿ ಏಟು ಎಂದರೆ ಅಷ್ಟೇ. ಹೊಡೆದ ಕೈಯೇ ಮುದ್ದೆ ಇಟ್ಟು ಬಿಸಿ ಸಾರು ಸುರಿಯುತ್ತಿತ್ತು.

ಮೈದುನ ಸುಮ್ಮನಿರಲಿಲ್ಲ. ಅವಳು ಬೇಗೂರಿನ ಕಡೆ ನೆಂಟರ ಮದುವೆಗೆ ಹೋಗಿದ್ದಾಗ ಮಿಲ್ಲಿನ ಬೀಗ ಒಡೆದು, ಬೆಲ್ಟುಗಳನ್ನೆಲ್ಲ ಕೊಯ್ದು, ಮೋಟಾರಿನೊಳಕ್ಕೆ ಮರಳು ಸುರಿದು ಹೋದ. ಬಂದು ನೋಡಿದವಳು ಉಟ್ಟಿದ್ದ ರೇಷ್ಮೆ ಸೀರೆಯಲ್ಲೇ ಕಚ್ಚು ಹಾಕುವ ಸುತ್ತಿಗೆ ತೆಗೆದುಕೊಂಡು ಅವನ ಮನೆಗೆ ಹೋದಳು. ಬಾಗಿಲು ಒಡೆದಳು, ಅಡ್ಡ ಬಂದ ಅವನ ಕೈಯನ್ನೂ ಒಡೆದಳು. ಪೊಲೀಸು, ಕೋರ್ಟು, ವಕೀಲರು, ಹೊಸ ಮೋಟಾರು. ಅಪ್ಪ ಹಾಕಿಕೊಟ್ಟಿದ್ದ ಇತರೆ ಅಲ್ಲಿಗೆ ಮುಗಿಯಿತು. ಕಿವಿಯ ಓಲೆ ಹೋಯಿತು. ಮಿಲ್ಲಿನ ಮೇಲೆ ಸಾಲ ಬಂತು. ಅಪ್ಪ ಒಂದು ಸಂಜೆ ಹಿತ್ತಿಲಲ್ಲಿ ನಿಂತು, “ಸಾಕಲ್ಲಮ್ಮ, ಇಲ್ಲಿಗೆ ನಿಲ್ಲಿಸಬಹುದಲ್ಲ” ಎಂದರು. ಅವಳು, “ಅರ್ಧ ಬೀಸಿರೋ ರಾಗೀನ ಯಾರಾರ ಬುಟ್ಟೀಗೆ ವಾಪಸ್ ಹಾಕ್ಕೊಂಡು ಹೋಯ್ತಾರಾ ಸ್ವಾಮಿ?” ಎಂದಳು.

ಇನ್ನು ಕೊನೆಯ ಕೆಲವು ಗಂಟೆ ಮಾತ್ರ ಉಳಿದಿತ್ತು. ಅದು ಮುಗಿದರೆ ಲೈಸೆನ್ಸು, ಲೈಸೆನ್ಸು ಬಂದರೆ ಕೆಲಸ, ಕೆಲಸ ಬಂದರೆ ಮೊದಲು ಮಿಲ್ಲಿನ ಸಾಲ. ಇಷ್ಟು ತಡವಾದದ್ದರಿಂದ ವೈದ್ಯರ ತಪಾಸಣೆಯ ಅವಧಿಯೂ ಮುಗಿಯುತ್ತ ಬಂದಿತ್ತು, ಮತ್ತೆ ಮಾಡಿಸಬೇಕಿತ್ತು. ಅದಕ್ಕೇನಂತೆ, ಕಲ್ಲು ಗುಂಡಿನ ಹಾಗಿದ್ದ ಹುಡುಗ. ಅದೊಂದನ್ನು ಯಾರೂ ಖರ್ಚೆಂದು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಆ ಮಧ್ಯಾಹ್ನವೂ ನಾನು ಮಿಲ್ಲಿನಲ್ಲೇ ಇದ್ದೆ. ಪರೀಕ್ಷೆ ಮುಗಿಸಿ ಮನೆಯಲ್ಲಿ ಕೂತಿದ್ದ ಕಾಲ, ಅಮ್ಮ ಹುರಿಹಿಟ್ಟು ಮಾಡಿಸಲು ಕಳಿಸಿದ್ದಳು. ಮಗ ಬಂದ. ಬಿಳಿ ಅಂಗಿಯ ತೋಳು ಹರಿದಿತ್ತು, ಹಣೆ ತರಚಿತ್ತು. ಮಿಲ್ಲು ನಿಲ್ಲಿಸು ಎಂದು ಸನ್ನೆ ಮಾಡಿದ. ಅವಳು ನಿಲ್ಲಿಸಿದಳು. ಇಳಿಯುವಾಗ ವಿಮಾನ ಪುಟಿದು ಮೂತಿ ನೆಲಕ್ಕೆ ಹೊಡೆಯಿತು, ಪ್ರೊಪೆಲ್ಲರ್ ಬಾಗಿಹೋಯಿತು, ರಿಪೇರಿಗೆ ತನ್ನ ಪಾಲೆಂದು ಒಂದಿಷ್ಟು ಕಟ್ಟಬೇಕು, ಮೇಷ್ಟ್ರ ಜೊತೆ ಮತ್ತಷ್ಟು ಗಂಟೆ ಹಾರಿ ತೋರಿಸಬೇಕು ಎಂದ. ಒಂದೇ ಉಸಿರಿಗೆ ಹೇಳಿ ಎಂದಿನ ಹಾಗೆ ನಿಂತ.

ಅವಳು ಅವನ ಹಣೆ ನೋಡಿದಳು, ಹರಿದ ತೋಳು ನೋಡಿದಳು. ಅವಳ ತುಟಿ ಅದುರುತ್ತಿತ್ತು. ನಾನು ಅದನ್ನು ಹಿಂದೆಂದೂ ನೋಡಿರಲಿಲ್ಲ.

“ದುಡ್ ಹಾಳಾಗ್ ಹೋಗ್ಲಿ ಕಣೋ... ನೀನ್ ಸತ್ತಿದ್ರೆ? ಸತ್ತಿದ್ರೆ ಏನ್ಲಾ ಮಾಡ್ತಿದ್ದೆ ನಾನು?”

ಎಂದವಳೇ ಹೊಡೆದಳು. ಆವರೆಗೆ ಅವನಿಗೆ ಬಿದ್ದ ಏಟುಗಳೆಲ್ಲ ಒಂದು ತೂಕ, ಇದೊಂದು ತೂಕ. ಎಡಗೆನ್ನೆಗೂ ಕಿವಿಗೂ ಸೇರಿ ಬಿತ್ತು. ಅವನು ಮೂಟೆಗಳ ಮೇಲೆ ಬಿದ್ದ. ಎದ್ದಾಗ ತಲೆ ಒಂದು ಕಡೆಗೆ ವಾಲಿತ್ತು. ಕಿವಿಯಿಂದ ಸಣ್ಣಗೆ ನೆತ್ತರು ಇಳಿದು ಬಿಳಿ ಕಾಲರಿಗೆ ತಾಗಿತು. “ಅಮ್ಮ, ಗುಂಯ್ ಅಂತಿದೆ” ಎಂದ. ಮಿಲ್ಲು ನಿಂತಿತ್ತಲ್ಲ, ಅದಕ್ಕೇ ಆ ಮಾತು ಅಷ್ಟು ಚೆನ್ನಾಗಿ ಕೇಳಿಸಿತು.

ಆಮೇಲೆ ಅವಳನ್ನು ನೋಡಬೇಕಿತ್ತು. ಮಗನನ್ನು ಎಳೆದು ತೊಡೆಯ ಮೇಲೆ ತಲೆ ಇಟ್ಟುಕೊಂಡಳು. ಬೈದಳು, ಅತ್ತಳು, ತನ್ನ ತಲೆ ತಾನೇ ಚಚ್ಚಿಕೊಂಡಳು. ಹಿಂದಿನ ಒಲೆಯ ಮೇಲೆ ಕೊಬ್ಬರಿ ಎಣ್ಣೆ ಇಟ್ಟು ಬೆಳ್ಳುಳ್ಳಿ ಜಜ್ಜಿ ಹಾಕಿದಳು. ಎಸಳು ಕೆಂಪಗಾದ ಮೇಲೆ ಆರಿಸಿ, ತನ್ನ ಮೊಣಕೈ ಮೇಲೆ ಒಂದು ತೊಟ್ಟು ಬಿಟ್ಟು ಬಿಸಿ ನೋಡಿ, ಮಗನ ಕಿವಿಗೆ ಬಿಟ್ಟಳು. ನಮ್ಮ ಹಳ್ಳಿ, ನಮ್ಮ ಬೀದಿ, ಎಲ್ಲರ ಮನೆಯಲ್ಲೂ ಮಾಡುತ್ತಿದ್ದದ್ದೇ ಅದು. ಕಿವಿ ನೋವು ಎಂದರೆ ಎಣ್ಣೆ. ಬೆಳ್ಳುಳ್ಳಿ ಒಳಗೆ ಬಾರದ ನಮ್ಮ ಮನೆಯಲ್ಲಿ ಬರೀ ಎಣ್ಣೆ, ಅಷ್ಟೇ ವ್ಯತ್ಯಾಸ. ಹತ್ತಿ ಹಿಡಿದು ಕೊಟ್ಟವಳು ನಾನೇ. ದಿನವೂ ಬೆಳಗ್ಗೆ ಸಂಜೆ ಬಿಟ್ಟಳು. ವಾಸಿಯಾಗಲಿ ಎಂದು ಹನುಮಂತನಗರದ ಗುಡ್ಡದ ದೇವರಿಗೆ ಹರಕೆ ಹೊತ್ತಳು. ಮಿಲ್ಲಿನ ಹಿಂದಿನಿಂದ ಆ ವಾಸನೆ ನಮ್ಮ ಹಿತ್ತಿಲಿಗೆ ಬಾರದ ದಿನವಿರಲಿಲ್ಲ.

ಕಿವಿ ವಾಸಿಯಾಗಲಿಲ್ಲ. ಸೋರತೊಡಗಿತು. ದಿಂಬು ನೆನೆಯುತ್ತಿತ್ತು, ಹತ್ತಿರ ಕೂತರೆ ವಾಸನೆ. ತಪಾಸಣೆಗೆ ಹೋದವನನ್ನು ಅನರ್ಹ ಎಂದು ಕಳಿಸಿದರು. ಮೊದಲು ಕಿವಿ ತೋರಿಸಿಕೊಂಡು ಬಾ ಎಂದರಂತೆ. ದೊಡ್ಡಾಸ್ಪತ್ರೆಯ ಕಿವಿ ಡಾಕ್ಟರು ಕನ್ನಡ ಬಾರದವರು. ಮಿಲ್ಲಮ್ಮ ಬಂದು ನನ್ನ ಕೈ ಹಿಡಿದಳು. “ಇವ್ನು ನಂಗೆ ಸುಳ್ ಹೇಳ್ತಾನೆ ಅಮ್ಮಣ್ಣಿ. ನೀನು ಓದ್ದೋಳು, ಜೊತೇಗೆ ಬಾ. ಅವ್ರು ಏನಂದ್ರು ಅಂತ ನಂಗೆ ಇದ್ದದ್ ಇದ್ದಂಗೆ ಹೇಳು.”

ಹೋದೆ. ಡಾಕ್ಟರು ಕಿವಿಯೊಳಗೆ ದೀಪ ಬಿಟ್ಟು ಬಹಳ ಹೊತ್ತು ನೋಡಿದರು. ಏನು ಹಾಕಿದಿರಿ ಎಂದು ಕೇಳಿದರು. ಮಗ ಇಂಗ್ಲಿಷಿನಲ್ಲೇ ಹೇಳಿದ. ಅವರು ಕೈಯಲ್ಲಿದ್ದ ಸಾಮಾನನ್ನು ತಟ್ಟೆಗೆ ಎಸೆದುಬಿಟ್ಟರು. ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು. ಏಟಿಗೆ ಕಿವಿಯ ತಮಟೆ ಹರಿದದ್ದು ನಿಜ, ಆದರೆ ಅಂಥ ಗಾಯ ಸುಮ್ಮನೆ ಬಿಟ್ಟಿದ್ದರೆ ಕೆಲವೇ ವಾರದಲ್ಲಿ ತಾನಾಗಿ ಕೂಡಿಕೊಳ್ಳುತ್ತಿತ್ತು. ಒಣಗಿದ್ದರೆ ಸಾಕಿತ್ತು. ಎಣ್ಣೆ ಬಿಟ್ಟು ಬಿಟ್ಟು ಒಳಗೆಲ್ಲ ಕೊಳೆಸಿದ್ದೀರಿ. ಕೇಳಿಸುವುದು ಬಹುಪಾಲು ಹೋಗಿದೆ. ಇನ್ನು ಈ ಕಿವಿಗೆ ವಿಮಾನ ಇಲ್ಲ.

“ಏನಂದ್ರು?” ಎಂದಳು ಮಿಲ್ಲಮ್ಮ.

ಅವನಿಗೆ ಇಂಗ್ಲಿಷು ನನ್ನಷ್ಟೇ ಬರುತ್ತಿತ್ತು. ಅವನು ಅಮ್ಮನನ್ನು ನೋಡಲಿಲ್ಲ, ನನ್ನನ್ನು ನೋಡಿದ. “ಪ್ಲೀಸ್ ಅಕ್ಕ” ಎಂದ. ಎಣ್ಣೆಯ ಮಾತೊಂದು ಬೇಡ ಎಂದು ಇಂಗ್ಲಿಷಿನಲ್ಲೇ ಹೇಳಿದ.

ನಾನು ಹೇಳಿದೆ. ಏಟಿಗೆ ಕಿವಿಯ ತಮಟೆ ಹರಿದಿದೆಯಂತೆ. ಇನ್ನು ಹಾರುವ ಹಾಗಿಲ್ಲವಂತೆ. ಅಲ್ಲಿಗೆ ನಿಲ್ಲಿಸಿದೆ. ಅವಳು ತಲೆಯಾಡಿಸಿ, ತನ್ನ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಅದನ್ನೇ ನೋಡುತ್ತ ಕೂತಳು. ಔಷಧಿ ತರಲು ಹೊರಗೆ ಬಂದಾಗ ನನಗೆ ಸಿಟ್ಟು ತಡೆಯಲಿಲ್ಲ. ಯಾಕೋ ಹೀಗೆ ಮಾಡಿಸಿದೆ, ಎಲ್ಲ ಹೇಳಿಬಿಡಬೇಕಿತ್ತು ಎಂದು ಅವನ ತೋಳು ಹಿಡಿದು ಅಲ್ಲಾಡಿಸಿದೆ.

“ಹೊಡೆದಿದ್ದಕ್ಕೆ ಅಂದ್ರೆ ಅಮ್ಮ ಹೆಂಗೋ ಬದುಕ್ತಾಳಕ್ಕ. ಅವಳಿಗೆ ಹೊಡೆಯೋದು ಹೊಸದಲ್ಲ. ಎಣ್ಣೆ ಬಿಟ್ಟಿದ್ದಕ್ಕೆ ಅಂದ್ರೆ ಬದುಕಲ್ಲ.”

ಅವನಿಗೆ ಆಗ ಇಪ್ಪತ್ತೆರಡೋ ಇಪ್ಪತ್ತಮೂರೋ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ತುತ್ತು ತುಟಿಯನ್ನು ಮುಟ್ಟಿ ಬಿದ್ದಿತ್ತು ಅವನಿಗೆ. ಆ ಹೊತ್ತಿನಲ್ಲೂ ಅವನು ಯೋಚನೆ ಮಾಡಿದ್ದು ಅದನ್ನು.

ಮಾರನೆಯ ಬೆಳಗ್ಗೆ ಮಿಲ್ಲಿನಿಂದ ಕಲ್ಲು ಕುಟ್ಟುವ ಸದ್ದು ಬಂತು. ನಮಗೆ ಅದು ಅಭ್ಯಾಸದ ಸದ್ದು, ಯಾರೂ ತಲೆ ಎತ್ತಲಿಲ್ಲ. ಆದರೆ ಸದ್ದು ಸರಿಯಿರಲಿಲ್ಲ. ಉಳಿಯ ಟಣ್ ಟಣ್ ಇಲ್ಲ, ಬರೀ ದಪ್ಪ ಸದ್ದು. ಅಮ್ಮ ಹಾಲಿನ ಪಾತ್ರೆ ಕೆಳಗಿಟ್ಟು ಹಿತ್ತಿಲಿಗೆ ಓಡಿದಳು, ಹಿಂದೆ ನಾನು. ಮಿಲ್ಲಮ್ಮ ಬಲಗೈಯನ್ನು ಬೀಸುವ ಕಲ್ಲಿನ ಮೇಲೆ ಅಂಗೈ ಮೇಲಾಗಿ ಚಾಚಿ, ಎಡಗೈಯಲ್ಲಿ ಸುತ್ತಿಗೆ ಹಿಡಿದಿದ್ದಳು. ಬಾಯಲ್ಲಿ ಸೆರಗು ಕಚ್ಚಿದ್ದಳು. ಮಗ ಹಿಂದಿನಿಂದ ತಬ್ಬಿ ಸುತ್ತಿಗೆ ಕಿತ್ತುಕೊಳ್ಳುತ್ತಿದ್ದ. ಕಲ್ಲಿನ ಕಚ್ಚುಗಳಲ್ಲಿ ರಾಗಿ ಹಿಟ್ಟಿನ ಜೊತೆ ನೆತ್ತರು ಕಲಸಿಹೋಗಿತ್ತು.

ಕೈ ಉಳಿಯಿತು, ಬೆರಳುಗಳು ಉಳಿಯಲಿಲ್ಲ. ಅಂದರೆ ಇದ್ದವು, ಮಡಿಸಲು ಬರುತ್ತಿರಲಿಲ್ಲ. ಮತ್ತೆ ಅವಳು ಯಾರಿಗೂ ಹೊಡೆಯಲಿಲ್ಲ. ಮೈದುನ ಕುಡಿದು ಬಂದು ಬಾಗಿಲಲ್ಲಿ ನಿಂತು ಬಾಯಿಗೆ ಬಂದದ್ದು ಬೈದರೂ ಸುಮ್ಮನೆ ಕೂತಿರುತ್ತಿದ್ದಳು. ಮಗ ಮಿಲ್ಲಿನಲ್ಲಿ ನಿಂತ. ಕಚ್ಚು ಹಾಕುವುದು ಕಲಿತ, ಸಾಲ ತೀರಿಸಿದ. ಎಡಗಡೆಯಿಂದ ಕರೆದರೆ ಕೇಳಿಸುತ್ತಿರಲಿಲ್ಲವಾದ್ದರಿಂದ ಗಿರಾಕಿಗಳೆಲ್ಲ ಬಲಗಡೆಗೆ ಬಂದು ನಿಲ್ಲುವುದನ್ನು ಕಲಿತರು. ಡಾಕ್ಟರು ಹೇಳಿದ್ದನ್ನು ಪೂರ್ತಿ ಹೇಳಿದ್ದರೆ ಆ ಕೈ ಉಳಿಯುತ್ತಿತ್ತೋ, ಅಥವಾ ಜೀವವೇ ಹೋಗುತ್ತಿತ್ತೋ... ನನಗೆ ಗೊತ್ತಿಲ್ಲ. ಗೊತ್ತು ಎನ್ನುವವರು ಯಾರಾದರೂ ಇದ್ದರೆ ಬಂದು ಹೇಳಲಿ.

ನನಗೆ ಮದುವೆಯಾಯಿತು. ಆಗತಾನೆ ಮನೆಗಳು ಏಳುತ್ತಿದ್ದ ಬಿ.ಟಿ.ಎಂ. ಲೇಔಟಿಗೆ ಹೋದೆ. ಎಂಬತ್ತರ ದಶಕದ ನಡುವಿನ ಮಾತು ಇದು. ಮಗಳನ್ನು ಎತ್ತಿಕೊಂಡು ಅಮ್ಮನ ಮನೆಗೆ ಬಂದಿದ್ದೆ. ಮಗುವಿಗೆ ಶೀತವಾಗಿ ಕಿವಿ ನೋವು ಶುರುವಾಯಿತು, ಬೆಳಗಿನಿಂದ ಕಿರುಚಾಟ. ನಾನು ಡಾಕ್ಟರ ಹತ್ತಿರ ಹೊರಡಲು ಚೀಲ ಹುಡುಕುತ್ತಿದ್ದೆ. ಹಿತ್ತಿಲ ಬಾಗಿಲು ತಳ್ಳಿಕೊಂಡು ಮಿಲ್ಲಮ್ಮ ಬಂದಳು. ಎಡಗೈಯಲ್ಲಿ ಕಬ್ಬಿಣದ ಸೌಟು, ಅದರಲ್ಲಿ ಎಣ್ಣೆ, ಎಣ್ಣೆಯಲ್ಲಿ ಕೆಂಪಗಾದ ಬೆಳ್ಳುಳ್ಳಿ. ಆ ಸೊಟ್ಟಗಾದ ಬಲಗೈಯಿಂದ ಮಗುವಿನ ಕೆನ್ನೆ ಸವರಿ, “ಅಳ್ಬೇಡ ಕಂದ, ಈಗ್ ಹೋಯ್ತದೆ, ಈಗ್ ಹೋಯ್ತದೆ” ಎನ್ನುತ್ತ ಕಿವಿಯ ಹತ್ತಿರ ಬಾಗಿದಳು.

ನಾನು ಹೊಡೆದೆ. ಸೌಟಿಗೆ ಹೊಡೆದೆನೋ ಅವಳ ಕೈಗೇ ಹೊಡೆದೆನೋ, ಎರಡೂ ಒಂದೇ. ಸೌಟು ಹಾರಿ ಗೋಡೆಗೆ ಬಡಿಯಿತು, ಬಿಸಿ ಎಣ್ಣೆ ಅವಳ ಮುಂಗೈ ಮೇಲೂ ಪಾದದ ಮೇಲೂ ಬಿತ್ತು.

“ಕಿವಿಗೆ ಎಣ್ಣೆ ಬಿಡಬಾರ್ದು ಮಿಲ್ಲಮ್ಮ! ಇನ್ನೂ ಎಷ್ಟು ಕಿವಿ...”

ಮಾತು ಅಲ್ಲಿಗೇ ನಿಂತಿತು. ನಿಂತು ಏನು ಬಂತು. ತಪ್ಪು ಮಾಡಿದೆ ಎಂದು ನನಗೆ ಅವತ್ತೂ ಅನ್ನಿಸಲಿಲ್ಲ, ಇವತ್ತೂ ಅನ್ನಿಸುವುದಿಲ್ಲ. ನನ್ನ ಮಗುವಿನ ಕಿವಿ ಅದು.

ಅವಳು ಸುಟ್ಟುಕೊಂಡ ಕಾಲನ್ನು ನೋಡಿಕೊಳ್ಳಲೂ ಇಲ್ಲ. ನೆಲದ ಮೇಲೆ ಎಣ್ಣೆ ಹರಡಿತ್ತು, ಅಲ್ಲೊಂದು ಇಲ್ಲೊಂದು ಬೆಳ್ಳುಳ್ಳಿ ಎಸಳು. ಅದನ್ನೇ ನೋಡುತ್ತ ನಿಂತಳು. ಮಗು ಕೂಡ ಹೆದರಿ ಅಳು ನಿಲ್ಲಿಸಿತ್ತು.

“ಎಣ್ಣೇನಾ?” ಎಂದಳು.

ಅವಳು ನಿಧಾನಕ್ಕೆ ಕೂತು, ಸೆರಗಿನಿಂದ ನೆಲದ ಎಣ್ಣೆ ಒರೆಸತೊಡಗಿದಳು. ಎಸಳುಗಳನ್ನು ಒಂದೊಂದಾಗಿ ಆರಿಸಿದಳು. ಮಡಿಸಲು ಬಾರದ ಬೆರಳುಗಳಿಗೆ ಎಸಳು ಸಿಗದೆ ಜಾರುತ್ತಿತ್ತು. ನಾನು ಬಗ್ಗಿ ಆರಿಸಿಕೊಟ್ಟೆ.

“ಅವ್ನಿಗೆ ಗೊತ್ತಾ?”

“ಗೊತ್ತು.”

“ಅವತ್ತಿಂದ?”

“ಹೂಂ.”

ಆರಿಸಿದ ಎಸಳುಗಳನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಆಮೇಲೆ ನನ್ನ ಗಲ್ಲ ಹಿಡಿದು, “ನಂಗ್ ಗೊತ್ತಾಯ್ತು ಅಂತ ಅವ್ನಿಗ್ ಹೇಳ್ಬೇಡ ಅಮ್ಮಣ್ಣಿ. ಅಷ್ಟ್ ವರ್ಷ ಬಚ್ಚಿಟ್ಟವ್ನೆ, ಮಗ. ಅವ್ನ ಕಷ್ಟ ಹಾಳಾಗಬಾರ್ದು” ಎಂದಳು. ಸೌಟು ತೆಗೆದುಕೊಂಡು ಹಿತ್ತಿಲ ಬಾಗಿಲಿನಿಂದ ಹೋದಳು. ಅಂದು ಸಂಜೆಯೂ ಮಿಲ್ಲು ಓಡಿತು. ಹಾದುಹೋಗುವಾಗ ನೋಡಿದೆ, ಬಾಗಿಲಲ್ಲಿ ಕೂತು ಮಗನಿಗೆ ಬಲಗಡೆಯಿಂದ ಏನೋ ಹೇಳುತ್ತಿದ್ದಳು, ಅವನು ನಗುತ್ತಿದ್ದ. ಕಾಲಿಗೆ ಬಟ್ಟೆ ಸುತ್ತಿಕೊಂಡಿದ್ದಳು. ಮುದ್ದೆಯ ನೀರು ಚೆಲ್ಲಿತು ಎಂದು ಅವನಿಗೆ ಹೇಳಿದ್ದಳಂತೆ.

ಅದಾದ ಮೇಲೆ ಅವಳು ತುಂಬ ವರ್ಷ ಇರಲಿಲ್ಲ. ಸುದ್ದಿ ಬಂದಾಗ ನಾನು ಬಿ.ಟಿ.ಎಂ.ನಿಂದ ಆಟೋ ಹಿಡಿದು ಓಡಿಬಂದೆ. ಮಿಲ್ಲಿನ ಮುಂದೆಯೇ ಮಲಗಿಸಿದ್ದರು. ಯಾರೋ ಆ ಬಲಗೈಯ ಬೆರಳುಗಳನ್ನು ಎದೆಯ ಮೇಲೆ ಮಡಿಸಿಡಲು ನೋಡುತ್ತಿದ್ದರು, ಅವು ಮಡಿಸಿಕೊಳ್ಳುತ್ತಿರಲಿಲ್ಲ. ಮಗ ನನ್ನನ್ನು ಕಂಡು ಎದ್ದು ಬಂದು ಪಕ್ಕಕ್ಕೆ ಕರೆದ.

“ಕೊನೆವರೆಗೂ ಅಮ್ಮಂಗೆ ಗೊತ್ತಾಗ್ಲಿಲ್ಲ, ಅಲ್ವಕ್ಕ?”

ಎಂದು, ಉತ್ತರ ತಪ್ಪಿಹೋಗಬಾರದೆಂದು, ಒಳ್ಳೆಯ ಕಿವಿಯನ್ನು ನನ್ನ ಕಡೆಗೆ ತಿರುಗಿಸಿ ನಿಂತ.

“ಇಲ್ಲ ಕಣೋ” ಎಂದೆ. “ಗೊತ್ತಾಗಲಿಲ್ಲ.”

ಅವನು ಕಣ್ಣು ಒರೆಸಿಕೊಂಡು, ಸದ್ಯ ಎಂದ.

ಕಳೆದ ಚಳಿಗಾಲದಲ್ಲಿ ಅವನೂ ಹೋದ. ಮಿಲ್ಲು ಇದ್ದ ಜಾಗದಲ್ಲಿ ಈಗ ಕನ್ನಡಕದ ಅಂಗಡಿ. ಬೀಸುವ ಕಲ್ಲು ಎಲ್ಲಿ ಹೋಯಿತೆಂದು ಕೇಳಿದೆ, ಅಲ್ಲಿರುವ ಹುಡುಗನಿಗೆ ಯಾವ ಕಲ್ಲು ಎಂದೇ ಗೊತ್ತಿರಲಿಲ್ಲ.

ಮೊನ್ನೆ ಭಾನುವಾರ ಮೆಟ್ಟಿಲ ಮೇಲೆ ಕೂತು ಇಷ್ಟೂ ನೆನೆಸಿಕೊಂಡೆ. ಒಳಗೆ ಒಗ್ಗರಣೆ ಮುಗಿದು ವಾಸನೆ ಕಮ್ಮಿಯಾಗಿತ್ತು. ಸೊಸೆ ಬಾಗಿಲಿಗೆ ಬಂದು, “ಆಯ್ತು ಅತ್ತೆ, ಇನ್ನು ಬನ್ನಿ ಒಳಗೆ” ಎಂದಳು. ಎದ್ದು ಹೋದೆ. ಆ ತಾಯಿಯ ಗುಟ್ಟನ್ನು ಮಗನಿಂದ ಕಾಯಬೇಕಿಲ್ಲ, ಮಗನ ಗುಟ್ಟನ್ನು ತಾಯಿಯಿಂದ ಕಾಯಬೇಕಿಲ್ಲ. ಇನ್ನು ಮುಂದೆ ನಾನು ಯಾರಿಗೂ ಸುಳ್ಳು ಹೇಳಬೇಕಾಗಿಲ್ಲ. ಹೇಳುವುದಕ್ಕೆ ಅವರಿಬ್ಬರೂ ಇಲ್ಲವಲ್ಲ ಎನ್ನುವುದೇ ನನಗೆ ಸಂಕಟ.